ರೇಖಾಚಿತ್ರ ಹೇಳುವುದು, ಹೇಳದೆ ಬಿಡುವುದು: ಬಿಲಿಯರ್ಡ್ಸ್ ಹೊಡೆತದಿಂದ ಕೇರಂ ಬೋರ್ಡಿನ ವಿಜ್ಞಾನ ಪಾಠಕ್ಕೆ

ವಿಜ್ಞಾನ ಪಾಠದಲ್ಲಿ ನಾವು ಹೆಚ್ಚಾಗಿ ಬಳಸುವ ಬೋಧನೋಪಕರಣ ಕಪ್ಪುಹಲಗೆಯ ಮೇಲಿನ ರೇಖಾಚಿತ್ರ. ಮಕ್ಕಳು ಅದನ್ನು ಅಂದವಾಗಿ ನಕಲು ಮಾಡುತ್ತಾರೆ, ಭಾಗಗಳನ್ನು ಹೆಸರಿಸುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತಾರೆ. ಆದರೆ ಅದೇ ಚಿತ್ರವನ್ನು ನೋಡಿ ಒಂದು ಕೆಲಸ ಮಾಡಿ ತೋರಿಸಲು ಹೇಳಿದರೆ ತಡವರಿಸುತ್ತಾರೆ. ಚಿತ್ರದಿಂದ ಕೆಲಸಕ್ಕೆ ಹೋಗುವ ದಾರಿಯನ್ನು ಕಲಿಸಲು ಆಟದ ಲೋಕದಲ್ಲಿ ಒಂದು ಒಳ್ಳೆಯ ಮಾದರಿ ಇದೆ. ಅದು ಆರ್ಟಿಸ್ಟಿಕ್ ಬಿಲಿಯರ್ಡ್ಸ್. ಅದರ ಕಲಿಕಾ ಕ್ರಮವನ್ನು ವಿವರಿಸಿ, ಬೆಳಗಾವಿ ಮತ್ತು ಖಾನಾಪುರದ ಮಕ್ಕಳಿಗೆ ಪರಿಚಿತವಾದ ಕೇರಂ ಬೋರ್ಡಿನ ಮೇಲೆ ಅದನ್ನು ಪಾಠವಾಗಿಸುವ ಬಗೆಯನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಚಿತ್ರ ನೋಡಿ ಆಡುವ ಆಟ

ಬಿಲಿಯರ್ಡ್ಸ್ ಎಂದೊಡನೆ ನಮಗೆ ಬೆಂಗಳೂರಿನ ಪಂಕಜ್ ಅಡ್ವಾಣಿ ನೆನಪಾಗುತ್ತಾರೆ. ಅವರು ಆಡುವ ಮೇಜಿಗೆ ಆರು ಪಾಕೆಟ್‌ಗಳಿವೆ. ಆರ್ಟಿಸ್ಟಿಕ್ ಬಿಲಿಯರ್ಡ್ಸ್ ಆಡುವುದು ಪಾಕೆಟ್ ಇಲ್ಲದ ಮೇಜಿನ ಮೇಲೆ, ಮೂರೇ ಚೆಂಡುಗಳಿಂದ. ಇಲ್ಲಿ ಆಟಗಾರನಿಗೆ ಮೊದಲೇ ಗೊತ್ತುಪಡಿಸಿದ ಚಿತ್ರಗಳ ಪಟ್ಟಿ ಇರುತ್ತದೆ. ಚೆಂಡುಗಳನ್ನು ಚಿತ್ರದಲ್ಲಿರುವ ಜಾಗದಲ್ಲೇ ಇಟ್ಟು, ತೋರಿಸಿದ ದಾರಿಯಲ್ಲೇ ಓಡಿಸಿ, ಉಳಿದೆರಡು ಚೆಂಡುಗಳನ್ನು ಮುಟ್ಟಿಸಬೇಕು. ಕಷ್ಟಕ್ಕೆ ತಕ್ಕಂತೆ ಒಂದೊಂದು ಚಿತ್ರಕ್ಕೆ 4ರಿಂದ 11ರವರೆಗೆ ಅಂಕ. ಪ್ರತಿ ಚಿತ್ರಕ್ಕೆ 3 ಅವಕಾಶ.

ಹೊಡೆತಗಳನ್ನು ಚಿತ್ರದ ಮೂಲಕ ಕಲಿಸುವ ಪದ್ಧತಿ ಹಳೆಯದು. ಫ್ರಾನ್ಸಿನ ಆಟಗಾರ ಮಿಂಗೋ 1827ರಲ್ಲೇ ತಮ್ಮ ಹೊಡೆತಗಳ ಚಿತ್ರಗಳಿರುವ ಪುಸ್ತಕ ಪ್ರಕಟಿಸಿದರು. 1835ರಲ್ಲಿ ಕೊರಿಯೊಲಿಸ್ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಗಣಿತವನ್ನು ಪುಸ್ತಕವಾಗಿ ಬರೆದರು. ಬಿಎಸ್ಸಿಯಲ್ಲಿ ನಾವು ಓದುವ ಕೊರಿಯೊಲಿಸ್ ಪರಿಣಾಮ ಇವರ ಹೆಸರಿನದೇ.

ಒಂದೇ ಗೆರೆ, ಬೇರೆ ಬೇರೆ ಫಲ

ಚಿತ್ರದಲ್ಲಿ ಕಾಣುವುದು ಚೆಂಡಿನ ಸ್ಥಾನ ಮತ್ತು ದಾರಿ. ಎಷ್ಟು ಜೋರಾಗಿ ಹೊಡೆಯಬೇಕು, ಚೆಂಡಿನ ಯಾವ ಭಾಗಕ್ಕೆ ಹೊಡೆಯಬೇಕು, ಬಟ್ಟೆಯ ಘರ್ಷಣೆ ಎಷ್ಟು ಎಂಬುದನ್ನು ಗೆರೆ ಹೇಳುವುದಿಲ್ಲ. ಚೆಂಡಿನ ನಡುಮಧ್ಯಕ್ಕೆ ಹೊಡೆದರೆ ಅದು ಮೊದಲು ಜಾರುತ್ತದೆ, ಆಮೇಲೆ ಉರುಳುತ್ತದೆ. ಪೂರ್ತಿ ಉರುಳತೊಡಗುವ ಹೊತ್ತಿಗೆ ಅದರ ವೇಗ ಮೊದಲಿನ 5/7ರಷ್ಟು ಉಳಿದಿರುತ್ತದೆ. ಕೇಂದ್ರದಿಂದ ತ್ರಿಜ್ಯದ 2/5ರಷ್ಟು ಮೇಲೆ ಹೊಡೆದರೆ ಜಾರದೆ ಮೊದಲಿನಿಂದಲೇ ಉರುಳುತ್ತದೆ. ಪಕ್ಕಕ್ಕೆ ಹೊಡೆದರೆ ಬುಗುರಿಯಂತೆ ತಿರುಗುತ್ತಾ ಹೋಗಿ, ಅಂಚಿಗೆ ಬಡಿದ ಮೇಲೆ ಬೇರೆ ಕೋನದಲ್ಲಿ ಹೊರಳುತ್ತದೆ. ಕೋಲನ್ನು ಮೇಲೆತ್ತಿ ಪಕ್ಕಕ್ಕೆ ಕುಟ್ಟಿದರೆ ದಾರಿಯೇ ಬಾಗುತ್ತದೆ. ಹಾಗೆ ಜಾರುತ್ತಿರುವಷ್ಟು ಹೊತ್ತು ಆ ದಾರಿ ಪರವಲಯ ಎಂದು ಕೊರಿಯೊಲಿಸ್ ತೋರಿಸಿದರು.

ಹೀಗಾಗಿ ಕಲಿಯುವವನು ಚಿತ್ರವನ್ನು ಉತ್ತರ ಎಂದುಕೊಳ್ಳದೆ ಪ್ರಶ್ನೆ ಎಂದುಕೊಳ್ಳಬೇಕಾಗುತ್ತದೆ. ಚಿತ್ರದಂತೆ ಚೆಂಡು ಇಡುತ್ತಾನೆ, ಹೊಡೆಯುತ್ತಾನೆ, ಚೆಂಡು ಎಲ್ಲಿ ತಪ್ಪಿತು ಎಂದು ನೋಡುತ್ತಾನೆ, ಒಂದೇ ಒಂದು ಅಂಶವನ್ನು ಬದಲಿಸಿ ಮತ್ತೆ ಹೊಡೆಯುತ್ತಾನೆ. ನಮ್ಮ ತರಗತಿಗೆ ಬೇಕಾದದ್ದು ಈ ಕ್ರಮ.

ಕೇರಂ ಬೋರ್ಡಿಗೆ ಬಂದಾಗ

ಬಿಲಿಯರ್ಡ್ಸ್ ಮೇಜನ್ನು ನಮ್ಮ ಶಾಲೆಗಳಲ್ಲಿ ನಿರೀಕ್ಷಿಸುವಂತಿಲ್ಲ. ಕೇರಂ ಬೋರ್ಡು ಹಾಗಲ್ಲ. ಬೆಳಗಾವಿಯ ಗಲ್ಲಿಗಳಲ್ಲಿ, ಖಾನಾಪುರದ ಹಳ್ಳಿಗಳಲ್ಲಿ ಅದನ್ನು ಆಡದ ಮಕ್ಕಳು ಕಡಿಮೆ. ಆಟದ ಕೋಣೆಯಿಂದ ಒಂದು ಬೋರ್ಡು ತಂದರೆ ಬೆಳಕಿನ ಪ್ರತಿಫಲನದ ನಿಯಮಕ್ಕೆ ಚಟುವಟಿಕೆ ಸಿದ್ಧ.

ಬೋರ್ಡಿನ ಆಡುವ ಭಾಗ ಸುಮಾರು 74 ಸೆಂ.ಮೀ. ಚೌಕ. ಸ್ಟ್ರೈಕರ್‌ನ ವ್ಯಾಸ ಸುಮಾರು 4 ಸೆಂ.ಮೀ., ಕಾಯಿಯದು ಸುಮಾರು 3.1 ಸೆಂ.ಮೀ. ಈಗ ಈ ಸಮಸ್ಯೆ ನೋಡಿ. ಸ್ಟ್ರೈಕರ್‌ನ ಕೇಂದ್ರ ಎದುರು ಚೌಕಟ್ಟಿನಿಂದ 62 ಸೆಂ.ಮೀ. ದೂರದಲ್ಲಿದೆ. ಕಾಯಿಯ ಕೇಂದ್ರ ಅದೇ ಚೌಕಟ್ಟಿನಿಂದ 32 ಸೆಂ.ಮೀ. ದೂರದಲ್ಲಿ, ಸ್ಟ್ರೈಕರ್‌ಗಿಂತ 30 ಸೆಂ.ಮೀ. ಬಲಕ್ಕಿದೆ. ಚೌಕಟ್ಟಿಗೆ ಬಡಿದು ಬಂದ ಸ್ಟ್ರೈಕರ್ ಕಾಯಿಯ ನಡುಮಧ್ಯಕ್ಕೆ ತಾಗಬೇಕು. ಎಲ್ಲಿಗೆ ಗುರಿ ಇಡಬೇಕು?

ಕನ್ನಡಿಯ ಪಾಠ ಓದಿದ ಮಕ್ಕಳು ಚೌಕಟ್ಟನ್ನೇ ಕನ್ನಡಿ ಮಾಡಿಕೊಂಡು, ಕಾಯಿಯ ಪ್ರತಿಬಿಂಬವನ್ನು ಅದರ ಆಚೆ 32 ಸೆಂ.ಮೀ.ಗೆ ಗುರುತಿಸಿ ಗೆರೆ ಎಳೆಯುತ್ತಾರೆ. ಆ ಗೆರೆ ಚೌಕಟ್ಟನ್ನು ಮುಟ್ಟುವುದು 30 × 62 ÷ 94, ಅಂದರೆ ಸುಮಾರು 19.8 ಸೆಂ.ಮೀ. ಬಲಕ್ಕೆ. ಚಿತ್ರದಲ್ಲಿ ಪತನ ಕೋನವೂ ಪ್ರತಿಫಲನ ಕೋನವೂ ಸಮ. ಆದರೆ ಸ್ಟ್ರೈಕರ್ ಬೆಳಕಿನ ಕಿರಣವಲ್ಲ, ಅದಕ್ಕೆ ಅಗಲವಿದೆ. ಅದರ ಅಂಚು ಚೌಕಟ್ಟಿಗೆ ತಾಗಿದಾಗ ಕೇಂದ್ರ ಇನ್ನೂ 2 ಸೆಂ.ಮೀ. ಈಚೆಗಿರುತ್ತದೆ, ಅಲ್ಲಿಂದಲೇ ತಿರುಗುತ್ತದೆ. ಆದ್ದರಿಂದ ಕನ್ನಡಿಯ ಗೆರೆಯನ್ನು ಚೌಕಟ್ಟಿನಿಂದ 2 ಸೆಂ.ಮೀ. ಒಳಗೆ ಎಳೆಯಬೇಕು. ಆಗ ದೂರಗಳು 60 ಮತ್ತು 30 ಆಗುತ್ತವೆ, ತಿರುಗುವ ಬಿಂದು 30 × 60 ÷ 90, ಅಂದರೆ ಸರಿಯಾಗಿ 20 ಸೆಂ.ಮೀ. ಬಲಕ್ಕೆ. ಆ ಗೆರೆಯನ್ನು ಮುಂದುವರಿಸಿದರೆ ಚೌಕಟ್ಟಿನ ಮೇಲಿನ ಗುರಿ ಸುಮಾರು 20.7 ಸೆಂ.ಮೀ.

ಎರಡು ಗುರಿಗಳ ನಡುವಿನ ಅಂತರ ಒಂದು ಸೆಂ.ಮೀ.ಗಿಂತ ಕಡಿಮೆ. ಆದರೂ ಮೊದಲ ಗುರಿಗೆ ಹೊಡೆದರೆ ಸ್ಟ್ರೈಕರ್ ಕಾಯಿಯ ಮಟ್ಟಕ್ಕೆ ಬರುವಾಗ ಸುಮಾರು 1.3 ಸೆಂ.ಮೀ. ಎಡಕ್ಕೆ ಸರಿದಿರುತ್ತದೆ. ನೇರವಾಗಿ ಹೋಗಬೇಕಾದ ಕಾಯಿ ಸುಮಾರು 20 ಡಿಗ್ರಿ ಓರೆಯಾಗಿ ಹೋಗಲು ಅಷ್ಟು ಸಾಕು. ನಿಯಮ ತಪ್ಪಿಲ್ಲ, ನಿಯಮವನ್ನು ಅನ್ವಯಿಸಿದ ಗೆರೆ ತಪ್ಪು. ಈ ವ್ಯತ್ಯಾಸ ಮಕ್ಕಳಿಗೆ ಅರ್ಥವಾದರೆ ಪಾಠದ ಮುಖ್ಯ ಕಲಿಕಾಂಶ ಸಾಧಿಸಿದಂತೆ.

ಕಣ್ಣೆದುರಿನ ಘರ್ಷಣೆ

ಗೆರೆಯನ್ನು ಸರಿಪಡಿಸಿದ ಮೇಲೂ ಹೊಡೆತ ಸ್ವಲ್ಪ ತಪ್ಪಬಹುದು. ಚೌಕಟ್ಟಿಗೆ ಬಡಿದಾಗ ಲಂಬ ದಿಕ್ಕಿನ ವೇಗ ಒಂದಿಷ್ಟು ಕುಗ್ಗುತ್ತದೆ, ಇದರಿಂದ ಸ್ಟ್ರೈಕರ್ ಚೌಕಟ್ಟಿನ ಕಡೆಗೆ ವಾಲುತ್ತದೆ. ಚೌಕಟ್ಟಿನುದ್ದದ ಘರ್ಷಣೆ ಅದನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ಬೆಳಕಿಗೆ ಈ ತೊಂದರೆ ಇಲ್ಲ. ಸಾದೃಶ್ಯ ಎಲ್ಲಿಯವರೆಗೆ ಒಪ್ಪುತ್ತದೆ, ಎಲ್ಲಿಂದ ಒಪ್ಪುವುದಿಲ್ಲ ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು.

ಖಾನಾಪುರದ ಮಳೆಗಾಲ ಇಲ್ಲಿ ತಾನೇ ಬೋಧನೋಪಕರಣವಾಗುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಯಲ್ಲಿ ಬೋರ್ಡಿನ ಪ್ಲೈವುಡ್ ತೇವ ಹೀರುತ್ತದೆ, ಪೌಡರ್ ಗಂಟುಕಟ್ಟುತ್ತದೆ, ಕಾಯಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಬೋರ್ಡನ್ನು ಒಣಬಟ್ಟೆಯಿಂದ ಒರೆಸಿ, ಹೊಸ ಪೌಡರ್ ಉದುರಿಸಿ ಅದೇ ಹೊಡೆತ ಹೊಡೆಸಿದರೆ, ಚಿತ್ರ ಒಂದೇ ಇದ್ದು ಫಲ ಏಕೆ ಬದಲಾಯಿತು ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಪಾಠದ ಹಂತಗಳು

1. ಊಹೆ: ಸ್ಟ್ರೈಕರ್ ಮತ್ತು ಕಾಯಿಯ ಜಾಗ ಮಾತ್ರ ಇರುವ ಚಿತ್ರ ಕೊಡಿ. ದಾರಿಯನ್ನು ಪ್ರತಿ ಗುಂಪು ಪೆನ್ಸಿಲ್‌ನಲ್ಲಿ ಎಳೆಯಲಿ.

2. ಗುರುತು: ಸ್ಟ್ರೈಕರ್‌ನಷ್ಟೇ ಅಗಲದ ಕಾಗದದ ಬಿಲ್ಲೆಗಳನ್ನು ಕತ್ತರಿಸಿಕೊಂಡು, ಅದು ಚೌಕಟ್ಟಿಗೆ ತಾಗುವ ಜಾಗದಲ್ಲಿ ಮತ್ತು ಕಾಯಿಗೆ ತಾಗುವ ಜಾಗದಲ್ಲಿ ಇಡಿಸಿ. ಕೇಂದ್ರ ಎಲ್ಲಿ ತಿರುಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೊಡೆಯುವ ಮೊದಲು ಬಿಲ್ಲೆಗಳನ್ನು ತೆಗೆಯಬೇಕು.

3. ಪ್ರಯೋಗ: ಆರ್ಟಿಸ್ಟಿಕ್ ಬಿಲಿಯರ್ಡ್ಸ್‌ನಂತೆ ಗುಂಪಿಗೆ 3 ಅವಕಾಶ. ಪ್ರತಿ ಸಲ ಒಂದೇ ಅಂಶ ಬದಲಾಗಬೇಕು: ಗುರಿ ಅಥವಾ ಬಲ.

4. ದಾಖಲೆ: ಸ್ಟ್ರೈಕರ್ ನಿಜವಾಗಿ ಹೋದ ದಾರಿಯನ್ನು ಅದೇ ಚಿತ್ರದ ಮೇಲೆ ಬೇರೆ ಬಣ್ಣದಲ್ಲಿ ಎಳೆಯಲಿ. ಮೊದಲ ಗೆರೆಯನ್ನು ಅಳಿಸಬಾರದು.

5. ಚರ್ಚೆ: ಎರಡು ಗೆರೆಗಳ ನಡುವಿನ ಅಂತರಕ್ಕೆ ಕಾರಣ ಹೇಳಿಸಿ.

ಬೋಧನಾಭ್ಯಾಸದಲ್ಲಿ ಒಂದು ಬೋರ್ಡಿನ ಸುತ್ತ ಇಡೀ ತರಗತಿ ಮುಗಿಬೀಳುವುದು ಸಹಜ. ಒಂದು ಗುಂಪು ಹೊಡೆಯುವಾಗ ಉಳಿದ ಗುಂಪುಗಳು ಊಹೆಯ ಚಿತ್ರ ಹಿಡಿದು ಫಲವನ್ನು ಹೋಲಿಸುತ್ತಿದ್ದರೆ ಗದ್ದಲ ಕಡಿಮೆಯಾಗುತ್ತದೆ. ಆಟದಲ್ಲಿ ಪಳಗಿದ ಮಕ್ಕಳೇ ಮುಂದಾಗುವುದೂ ಉಂಟು. ಅವರ ಕೈ ಬಲ್ಲದ್ದನ್ನು ಬಾಯಲ್ಲಿ ಹೇಳಿಸುವುದು ನಮ್ಮ ಕೆಲಸ.

ಭಾಷೆ ಮತ್ತು ಮೌಲ್ಯಮಾಪನ

ಖಾನಾಪುರದ ಕನ್ನಡ ಮಾಧ್ಯಮದ ತರಗತಿಯಲ್ಲೂ ಮನೆಯಲ್ಲಿ ಮರಾಠಿ ಆಡುವ ಮಕ್ಕಳಿರುತ್ತಾರೆ. ‘ಕೋನ’ ಎರಡೂ ಭಾಷೆಗಳಲ್ಲಿ ಒಂದೇ. ‘ಪ್ರತಿಫಲನ’ ಮರಾಠಿಯಲ್ಲಿ ‘ಪರಾವರ್ತನ’. ಮೊದಲು ಬೋರ್ಡಿನ ಮೇಲೆ ತೋರಿಸಿ, ಆಮೇಲೆ ಎರಡೂ ಪದಗಳನ್ನು ಬರೆದರೆ ಪದ ಗೊತ್ತಿಲ್ಲದ ಕಾರಣಕ್ಕೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ.

ಮೌಲ್ಯಮಾಪನದ ಪ್ರಶ್ನೆಯೂ ಬದಲಾಗಬೇಕು. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬುದರ ಜೊತೆಗೆ ‘ಈ ಚಿತ್ರದಂತೆ ಹೊಡೆದರೂ ಕಾಯಿ ತಪ್ಪಿದರೆ ಅದಕ್ಕೆ ಎರಡು ಕಾರಣ ಕೊಡಿ’ ಎಂದು ಕೇಳಬಹುದು. ಮೊದಲ ಪ್ರಶ್ನೆಗೆ ಕೈಯ ನೆನಪು ಸಾಕು, ಎರಡನೆಯದಕ್ಕೆ ತಿಳುವಳಿಕೆ ಬೇಕು. ಪಾಠ ಯೋಜನೆಯಲ್ಲಿ ರೇಖಾಚಿತ್ರ ಬರೆಯುವ ಪ್ರಶಿಕ್ಷಣಾರ್ಥಿಗಳು ಅದರ ಕೆಳಗೆ ‘ಈ ಚಿತ್ರ ಏನನ್ನು ಹೇಳುತ್ತಿಲ್ಲ?’ ಎಂಬ ಒಂದು ಸಾಲನ್ನೂ ಬರೆದುಕೊಂಡರೆ, ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಅಲ್ಲಿಂದಲೇ ಸಿಗುತ್ತವೆ.