ಸಾಲಿಗ್ರಾಮದ ಚಕ್ರ: ಕಲ್ಲಾದ ಚಿಪ್ಪೇ, ಚಿಪ್ಪಿನ ಅಚ್ಚೇ?

ಸಮುದ್ರದ ಚಿಪ್ಪು ಮಣ್ಣಿನಲ್ಲಿ ಹೂತು ಲಕ್ಷಾಂತರ ವರ್ಷ ಬಿದ್ದಿದ್ದರೆ ತಾನಾಗಿಯೇ ಕಲ್ಲಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕಲ್ಲಾಗಿಸುವುದು ಕಾಲವೊಂದೇ ಆಗಿದ್ದರೆ ಹಳೆಯ ಚಿಪ್ಪುಗಳೆಲ್ಲ ಬದಲಾಗಿ, ಎಳೆಯವು ಹಾಗೆಯೇ ಉಳಿದಿರಬೇಕಿತ್ತು. ಕೆನಡಾದ ಆಲ್ಬರ್ಟಾದಲ್ಲಿ ಸಿಗುವ, ಸುಮಾರು 7 ಕೋಟಿ ವರ್ಷ ಹಳೆಯ ಅಮೋನೈಟ್ ಎಂಬ ಸುರುಳಿಚಿಪ್ಪಿನ ಕಡಲಜೀವಿಯ ಚಿಪ್ಪುಗಳಲ್ಲಿ ಮೂಲದ ಮುತ್ತಿನ ಪದರ ಇನ್ನೂ ಬಣ್ಣಬಣ್ಣವಾಗಿ ಹೊಳೆಯುತ್ತದೆ; ಅದನ್ನು ಆಭರಣಕ್ಕೂ ಬಳಸುತ್ತಾರೆ. ಕೆಲವೇ ಲಕ್ಷ ವರ್ಷದ ಹವಳದ ಸುಣ್ಣಕಲ್ಲಿನಲ್ಲಾದರೋ, ಮಳೆನೀರು ಇಂಗಿದ ಕಡೆ ಚಿಪ್ಪು ಕರಗಿಹೋಗಿ ಅದರ ಆಕಾರದ ಪೊಳ್ಳು ಮಾತ್ರ ಉಳಿದಿರುವುದುಂಟು. ಹಾಗಾಗಿ ಚಿಪ್ಪಿನ ವಯಸ್ಸಿಗಿಂತ ಮೊದಲು ಕೇಳಬೇಕಾದದ್ದು ಅದು ಯಾವ ಖನಿಜದ್ದು, ಸುತ್ತ ಎಂಥ ಕೆಸರು, ಎಂಥ ನೀರು ಇತ್ತು ಎಂಬುದನ್ನು.

ಚಿಪ್ಪುಗಳು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟಿನವೇ. ಆದರೆ ಅದೇ ವಸ್ತು ಎರಡು ಬಗೆಯ ಹರಳಾಗಿ ಕೂಡುತ್ತದೆ. ಅಮೋನೈಟ್‌ಗಳದೂ ಹೆಚ್ಚಿನ ಶಂಖಗಳದೂ ಅರಗೊನೈಟ್. ತಿನ್ನುವ ಸಿಂಪಿಗಳದು ಮುಖ್ಯವಾಗಿ ಕ್ಯಾಲ್ಸೈಟ್. ಅರಗೊನೈಟ್ ಬಾಳಿಕೆಯದಲ್ಲ. ಅದು ಕರಗುತ್ತದೆ, ಇಲ್ಲವೇ ಕ್ಯಾಲ್ಸೈಟ್ ಆಗಿ ಮರುಜೋಡಣೆಗೊಳ್ಳುತ್ತದೆ. ಆಗ ಹೊರರೂಪ ಉಳಿದರೂ ಒಳಗಿನ ಸೂಕ್ಷ್ಮ ಪದರಗಳು ಅಳಿಸಿಹೋಗುತ್ತವೆ. ಒಂದೇ ಬಂಡೆಯಲ್ಲಿ ಸಿಂಪಿ ಗಟ್ಟಿಯಾಗಿದ್ದು, ಪಕ್ಕದ ಶಂಖ ಬರೀ ಗುರುತಾಗಿರುವುದು ಈ ಕಾರಣಕ್ಕೆ. ಅಂತರ್ಜಲದಲ್ಲಿ ಸಿಲಿಕಾ ಇದ್ದರೆ ಚಿಪ್ಪಿನ ಜಾಗವನ್ನು ಅದು ಹಿಡಿಯಬಹುದು.

ಸುತ್ತಲಿನ ಕೆಸರು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇವರಮನೆಗಳಲ್ಲಿರುವ ಸಾಲಿಗ್ರಾಮವೇ ಒಳ್ಳೆಯ ಸಾಕ್ಷಿ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಈ ಕಪ್ಪು ಉಂಡೆಗಳು ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಕೆಸರಿನವು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸತ್ತ ಅಮೋನೈಟ್ ತಳಕ್ಕಿಳಿದು ಕೊಳೆಯುವಾಗ ಸುತ್ತಲಿನ ಕೆಸರಿನ ರಸಾಯನವೇ ಬದಲಾಗಿ, ಖನಿಜಗಳು ನೀರಿನಿಂದ ಬೇರ್ಪಟ್ಟು ಗಟ್ಟಿ ಉಂಡೆ ಕಟ್ಟಿದವು. ಮೇಲಿನ ಮಣ್ಣಿನ ಭಾರ ಚಿಪ್ಪನ್ನು ಚಪ್ಪಟೆಯಾಗಿಸುವ ಮೊದಲೇ ಈ ಕೆಲಸ ಮುಗಿದಿತ್ತು. ಆಮೇಲೆ ಚಿಪ್ಪು ಕರಗಿದರೂ ಅಚ್ಚು ಉಳಿಯಿತು. ಮೇಣ ಕರಗಿದ ಮೇಲೂ ವಿಗ್ರಹದ ಅಚ್ಚು ಉಳಿಯುವ ಹಾಗೆ. ಚಿಪ್ಪೇ ಇಲ್ಲದಿದ್ದರೆ ಅಷ್ಟು ನವಿರಾದ ಗೆರೆಗಳು ಹೇಗೆ ಬಂದವು ಎಂಬ ಸಂಶಯಕ್ಕೆ ಉತ್ತರ ಇಲ್ಲಿದೆ: ಕೆಸರಿನ ಕಣ ಸಣ್ಣದಾದಷ್ಟೂ ಅಚ್ಚು ಸೂಕ್ಷ್ಮ.

ವಜ್ರಕೀಟವೆಂಬ ಹುಳು ಕಲ್ಲು ಕೊರೆದು ಸುರುಳಿಯಾಕಾರದ ಚಕ್ರ ಮಾಡಿತು ಎಂಬ ಪುರಾಣದ ಮಾತನ್ನು ಭಕ್ತಿಯಿಂದ ನಂಬುವವರಿದ್ದಾರೆ. ಆ ಭಕ್ತಿಯನ್ನು ಗೌರವಿಸುತ್ತಲೇ ಕಲ್ಲನ್ನು ನೋಡಬಹುದು. ಎರಡಾಗಿ ಒಡೆದ ಉಂಡೆಯ ಒಂದು ಹೋಳಿನಲ್ಲಿ ಸುರುಳಿಯ ಏಣುಗಳು ಉಬ್ಬಿದ್ದರೆ, ಇನ್ನೊಂದರಲ್ಲಿ ಅವೇ ಏಣುಗಳು ತಗ್ಗಾಗಿ ಸರಿಯಾಗಿ ಕೂಡುತ್ತವೆ. ಹುಳು ಕೊರೆದ ಸುರಂಗದಲ್ಲಿ ಇಂಥ ಜೋಡಿ ಸಾಧ್ಯವಿಲ್ಲ. ಅದು ಕೆಸರಿನಲ್ಲಿ ಹೂತುಹೋದ ಜೀವಿಯೊಂದರ ಮೈಗುರುತು.

ಕೆಲವು ಕಲ್ಲುಗಳಲ್ಲಿ ಮಿನುಗುವ ಹೊಂಬಣ್ಣ ಚಿನ್ನದ್ದಲ್ಲ, ಪೈರೈಟಿನದು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಬಿಟ್ಟ ಗಂಧಕದ ಅನಿಲ ಕಬ್ಬಿಣದೊಡನೆ ಕೂಡಿದಾಗ ಅದು ಹುಟ್ಟುತ್ತದೆ. ಕೆಸರಿನಾಳದಲ್ಲಿ ಕೋಟ್ಯಂತರ ವರ್ಷ ಅಲುಗದ ಆ ಪೈರೈಟ್ ತೇವದ ಗಾಳಿಗೆ ತೆರೆದುಕೊಂಡರೆ ಕೆಲವೇ ದಶಕಗಳಲ್ಲಿ ಪುಡಿಯಾಗಬಹುದು. ವಸ್ತುಸಂಗ್ರಹಾಲಯಗಳು ಪೈರೈಟ್ ಸೇರಿದ ಪಳೆಯುಳಿಕೆಗಳನ್ನು ಒಣಹವೆಯಲ್ಲಿಡುವುದು ಅದಕ್ಕೇ.