ಪಾರ್ಶ್ವವಾಯುವಿನ ಅನಂತರ ತಲೆದೋರುವ ಅಪಸ್ಮಾರ

ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಪಾರ್ಶ್ವವಾಯುವನ್ನು ಜನರು ಲಕ್ವವೆಂದೂ ಅಪಸ್ಮಾರವನ್ನು ಮೂರ್ಛೆರೋಗವೆಂದೂ ಕರೆಯುತ್ತಾರೆ. ಹೆಸರು ಬೇರೆಯಾದಂತೆ ಇವು ಪರಸ್ಪರ ಸಂಬಂಧವಿಲ್ಲದ ಎರಡು ರೋಗಗಳೆಂಬುದೇ ಸಾಮಾನ್ಯವಾದ ತಿಳಿವಳಿಕೆ. ಪ್ರಾಚೀನ ವೈದ್ಯಶಾಸ್ತ್ರವೂ ಇವನ್ನು ಬೇರೆಬೇರೆಯಾಗಿಯೇ ವಿವೇಚಿಸಿತು. ಚರಕಸಂಹಿತೆಯಲ್ಲಿ ಪಕ್ಷಾಘಾತವು ವಾತವ್ಯಾಧಿಗಳ ಅಧ್ಯಾಯದಲ್ಲಿ ಬಂದರೆ, ಅಪಸ್ಮಾರಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಆದರೆ ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವ ರೋಗಿಯ ಸೋತ ಕೈ ಕೆಲವು ತಿಂಗಳ ಮೇಲೆ ಒಂದು ದಿನ ತಾನಾಗಿ ಅದುರತೊಡಗಿದರೆ, ಮನೆಯವರು ಅದನ್ನು ಎರಡನೆಯ ಲಕ್ವವೆಂದೋ ಗಾಳಿ ಸೋಕಿತೆಂದೋ ಭಾವಿಸಿ ದಿಕ್ಕುಗೆಡುತ್ತಾರೆ. ಈ ಎರಡು ರೋಗಗಳ ಸಂಬಂಧವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮಿದುಳಿನ ರಕ್ತನಾಳವೊಂದು ಮುಚ್ಚಿಕೊಂಡಾಗ ಇಲ್ಲವೆ ಒಡೆದಾಗ ಆ ಭಾಗದ ನರಕೋಶಗಳು ಸಾಯುತ್ತವೆ. ಇದೇ ಪಾರ್ಶ್ವವಾಯು. ಇದರ ಮೊದಲ ಏಳು ದಿನಗಳಲ್ಲಿ ಸೆಳವು ಬಂದರೆ ಅದು ಗಾಯದ ತತ್ಕಾಲದ ಕ್ಷೋಭೆ. ಲವಣಾಂಶ ಮತ್ತು ರಾಸಾಯನಿಕಗಳ ಸಮತೋಲ ಕೆಟ್ಟುದರ ಫಲ. ಏಳು ದಿನಗಳ ಅನಂತರ ಬರುವ ಸೆಳವಿನ ಕಾರಣ ಬೇರೆ. ಗಾಯ ಮಾಯ್ದ ಕಲೆಯ ಸುತ್ತ ಉಳಿದ ನರಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಅಲ್ಪ ಪ್ರಚೋದನೆಗೂ ಒಟ್ಟಾಗಿ ಉದ್ರೇಕಗೊಳ್ಳುತ್ತವೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವರಲ್ಲಿ ಸೆಳವು ಸೋತ ಅಂಗದಿಂದಲೇ ಆರಂಭವಾಗುವುದನ್ನು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ 1864ರಲ್ಲಿಯೇ ಗುರುತಿಸಿದ್ದನು.

ಏಳು ದಿನಗಳ ಈ ಗಡಿ ಚಿಕಿತ್ಸೆಯ ದಾರಿಯನ್ನೇ ನಿರ್ಣಯಿಸುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಮೊದಲ ವಾರದಲ್ಲಿ ಸೆಳವು ಕಂಡವರಲ್ಲಿ ಮುಂದಿನ ಹತ್ತು ವರ್ಷಗಳೊಳಗೆ ಮತ್ತೆ ಸೆಳವು ಬರುವ ಸಂಭವ ನೂರಕ್ಕೆ ಸುಮಾರು 33. ಅನಂತರ ಕಂಡವರಲ್ಲಿ ಸುಮಾರು 71. ಸಾಮಾನ್ಯವಾಗಿ ಅಪಸ್ಮಾರವೆನ್ನಲು ಎರಡು ಸೆಳವುಗಳು ಬೇಕು. ಆದರೆ ಮರುಕಳಿಸುವ ಸಂಭವ ಇಷ್ಟು ಹೆಚ್ಚಾಗಿರುವುದರಿಂದ, 2014ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಪಾರ್ಶ್ವವಾಯುವಿನ ವಾರದ ಮೇಲೆ ಬಂದ ಒಂದೇ ಸೆಳವು ಸಾಕು.

ಹಾಗೆಂದು ಲಕ್ವ ಹೊಡೆದವರೆಲ್ಲರಿಗೂ ಇದು ಬರುವುದಿಲ್ಲ. ಮಿದುಳಿನ ಹೊರಪದರಕ್ಕೆ ಪೆಟ್ಟಾದವರಲ್ಲಿ, ರಕ್ತಸ್ರಾವವಾದವರಲ್ಲಿ, ಪಾರ್ಶ್ವವಾಯು ತೀವ್ರವಾಗಿದ್ದವರಲ್ಲಿ ಸಂಭವ ಹೆಚ್ಚು. ರಕ್ತನಾಳ ಮುಚ್ಚಿದ ರೋಗಿಗಳಿಗಾಗಿ 2018ರಲ್ಲಿ ಯೂರೋಪಿನ ವೈದ್ಯರು ರೂಪಿಸಿದ ಸೆಲೆಕ್ಟ್ ಎಂಬ ಅಂಕಪದ್ಧತಿಯಲ್ಲಿ, ಸೊನ್ನೆ ಅಂಕದವರಿಗೆ ಒಂದು ವರ್ಷದೊಳಗೆ ಸೆಳವು ಬರುವ ಸಂಭವ ನೂರಕ್ಕೆ 1ಕ್ಕಿಂತ ಕಡಿಮೆ. ಒಂಬತ್ತು ಅಂಕದವರಿಗೆ 63. ಆದುದರಿಂದಲೇ ಎಲ್ಲರಿಗೂ ಮುಂಚಿತವಾಗಿ ಸೆಳವಿನ ಔಷಧಿ ಕೊಡುವ ಪದ್ಧತಿಯಿಲ್ಲ. ಬಾಣಂತಿಯರ ವಿಷಯವನ್ನು ಬೇರೆಯಾಗಿ ಹೇಳಬೇಕು. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಅವರಿಗೆ ತಲೆನೋವು, ಸೆಳವು, ಪಾರ್ಶ್ವವಾಯು ಒಟ್ಟಿಗೇ ಕಾಣಿಸಿಕೊಳ್ಳಬಹುದು. ಬಾಣಂತನದಲ್ಲಿ ಕುಡಿಯುವ ನೀರನ್ನು ಬಿಗಿಹಿಡಿಯುವ ಸಂಪ್ರದಾಯ ಈ ದೃಷ್ಟಿಯಿಂದ ಅಪಾಯಕರ.

ಬೆಂಗಳೂರು ನಗರ ಮತ್ತು ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತ, 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಎಲ್ಲ ಬಗೆಯ ಅಪಸ್ಮಾರವೂ ಸೇರಿ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ರೋಗಿಗಳು ಕಂಡುಬಂದರು. ಹಳ್ಳಿಯ ಬದುಕಿನಲ್ಲಿ ಸೆಳವಿನ ಅಪಾಯವೂ ಹೆಚ್ಚು. ಕಂಪ್ಲಿಯ ಕಾಲುವೆಯ ದಂಡೆ, ಹಂಪೆಯ ಹೊಳೆ, ಸಂಡೂರಿನ ಅದಿರು ಲಾರಿಯ ಚಾಲಕನ ಪೀಠ, ಅಡುಗೆಯ ಒಲೆ, ಇವೆಲ್ಲವೂ ಕ್ಷಣಮಾತ್ರ ಎಚ್ಚರ ತಪ್ಪಿದರೆ ಪ್ರಾಣಾಂತಿಕವಾಗಬಲ್ಲ ಸ್ಥಳಗಳು.

ಸೆಳವು ಬಂದವನ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಇಡಲೇಬಾರದು. ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ವೇಳೆಯನ್ನು ಗಮನಿಸಬೇಕು. ಐದು ನಿಮಿಷ ಮೀರಿದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಸೆಳವಿನ ಬಳಿಕ ಕೈಕಾಲು ಕೆಲವು ಗಂಟೆ ಹೆಚ್ಚು ಸೋಲುವುದುಂಟು. ಇದು ಹೊಸ ಲಕ್ವವಲ್ಲದಿರಬಹುದು. ಆದರೆ ಆ ನಿರ್ಣಯ ಮನೆಯವರದಲ್ಲ, ವೈದ್ಯರದು. ಹೊಸ ಲಕ್ವವೇ ಆಗಿದ್ದರೆ ಹೆಪ್ಪು ಕರಗಿಸುವ ಔಷಧಿಗೆ ದೊರೆಯುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ.

ಕಡಿಮೆ ಬೆಲೆಯ ಫೆನಿಟಾಯಿನ್ ಸೆಳವನ್ನು ತಡೆಯುತ್ತದೆಯಾದರೂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಔಷಧಿಗಳ ಗುಣವನ್ನು ಕುಂದಿಸಬಲ್ಲದು. ಆದುದರಿಂದ ಲೆವೆಟಿರಾಸಿಟಮ್, ಲ್ಯಾಮೋಟ್ರಿಜಿನ್‌ಗಳನ್ನು ವೈದ್ಯರು ಈಗ ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಯಾವ ಮಾತ್ರೆಯಾದರೂ ಸರಿಯೆ, ಸೆಳವು ನಿಂತಿತೆಂದು ಥಟ್ಟನೆ ಬಿಟ್ಟರೆ ಅದು ಮತ್ತೆ ಬರುವ ಭಯವಿದೆ. ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರಿನ ಮನೆಗಳಲ್ಲಿ ಇಷ್ಟನ್ನಾದರೂ ತಿಳಿಯಹೇಳಿದರೆ, ಒಮ್ಮೆ ಲಕ್ವದಿಂದ ಉಳಿದ ಜೀವವು ಅಜ್ಞಾನದಿಂದ ಹೋಗುವುದು ತಪ್ಪೀತು.