ಮಕ್ಕಳಿಗೆ ಪರದೇಶ, ಅಪ್ಪನಿಗೆ ಸ್ವಂತ ಊರು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಸಾಕು, ಗೋಳಗುಮ್ಮಟ ಎಕ್ಸ್‌ಪ್ರೆಸ್‌ನಿಂದ ದೊಡ್ಡ ಸೂಟ್‌ಕೇಸುಗಳ ಸಮೇತ ವಿಜಯಪುರದಲ್ಲಿ ಇಳಿಯುವ ಕುಟುಂಬಗಳು ಕಣ್ಣಿಗೆ ಬೀಳುತ್ತವೆ. ತಂದೆ ಇಲ್ಲಿಯ ಶಾಲೆ ಕಾಲೇಜುಗಳಲ್ಲಿ ಓದಿ ಅಮೆರಿಕವನ್ನೋ ಇಂಗ್ಲೆಂಡನ್ನೋ ಸೇರಿದವರು. ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದವರು. ಆ ಮಕ್ಕಳ ಪಾಲಿಗೆ ಇದು ವಿದೇಶ ಪ್ರವಾಸ. ಅಲ್ಲಿಯ ಪೌರತ್ವ ಪಡೆದ ಮಗು ಅಪ್ಪನ ಮನೆಯ ಹೊಸ್ತಿಲು ದಾಟಬೇಕಾದರೂ ವೀಸಾ ಅಥವಾ ಓಸಿಐ ಕಾರ್ಡ್ ಬೇಕು!

ಇಂಥ ಪ್ರವಾಸದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಎರಡು ದಿನ ಗೋಳಗುಮ್ಮಟ, ಇಬ್ರಾಹಿಂ ರೋಜಾ, ತಾಜ್ ಬಾವಡಿ. ಒಂದು ಮಧ್ಯಾಹ್ನ ಮಾತ್ರ ಊರಿಗೆ. ಹಳೆಯ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಮಗು ಕಂಡದ್ದು ಬಣ್ಣ ಮಾಸಿದ ಒಂದು ಗೋಡೆ ಅಷ್ಟೇ. ಮನೆ ತಾನಾಗಿ ಮಾತಾಡುವುದಿಲ್ಲ. ಅಲ್ಲಿ ಬಾಳಿದವರೇ ಮಾತಾಡಬೇಕು.

ಗೋಳಗುಮ್ಮಟ ನೋಡಬಾರದೆಂದಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿಯ ಪಿಸುಮಾತು ಎದುರು ಬದಿಗೆ ಕೇಳುವ ಸೋಜಿಗವನ್ನು ಮಕ್ಕಳು ಮರೆಯಲಾರರು. ಆದರೆ ತಂದೆ ತಾನು ಹುಡುಗನಾಗಿದ್ದಾಗ ಇಲ್ಲಿ ಯಾರ ಹೆಸರನ್ನು ಕೂಗಿದ್ದನೆಂದು ಹೇಳಿದರೆ ಅದೇ ಸೋಜಿಗ ಮನೆಯ ಮಾತಾಗುತ್ತದೆ.

ನಗರದಿಂದ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ತಿಕೋಟಾ. ಅಲ್ಲಿಯಾಗಲಿ, ಬಬಲೇಶ್ವರದಲ್ಲಾಗಲಿ ಹಳೆಯ ಮಾಳಿಗೆ ಮನೆಯೊಂದು ಉಳಿದಿದ್ದರೆ ಅದೇ ಒಂದು ಪ್ರಯೋಗಾಲಯ. ಕಲ್ಲು ಮಣ್ಣಿನ ಗೋಡೆ ಎರಡು ಅಡಿಗೂ ದಪ್ಪ. ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗಿನ ಪಡಸಾಲೆ ತಂಪು. ಹಗಲಿನ ಶಾಖ ಇಷ್ಟು ದಪ್ಪ ಗೋಡೆ ದಾಟಿ ಒಳಗೆ ಬರಲು ಹಲವು ತಾಸು ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅದಕ್ಕೇ ಮನೆಮಂದಿ ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಿದ್ದರು.

ಈ ಭಾಗದಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳು ಮತ್ತು ಹುಳುಗಳ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಸಾಯುತ್ತವೆ, ಕಾಳು ಉಳಿಯುತ್ತದೆ. ಆದರೆ ತೆರೆದ ಕೂಡಲೇ ಒಳಗಿಳಿದವರ ಜೀವಕ್ಕೂ ಅದೇ ಅಪಾಯ! ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಹಿರಿಯರು ಇಳಿಯುತ್ತಿದ್ದರು. ಪಠ್ಯಪುಸ್ತಕದಲ್ಲಿ ಓದಿದ ಪಾಠವನ್ನು ಮುತ್ಯಾ ಬಾಳಿನಲ್ಲಿ ಕಲಿತಿದ್ದಾನೆಂದು ತಿಳಿದಾಗ ಮೊಮ್ಮಗನಿಗೆ ಅವನ ಮೇಲಿನ ಗೌರವ ಹೆಚ್ಚದೆ ಇದ್ದೀತೆ?

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯೂ ಇದೆ. ಇಂದು ಬಂದ ಮಗು ತಿಕೋಟಾ ಸುತ್ತ ದ್ರಾಕ್ಷಿ ತೋಟಗಳನ್ನೂ, ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನೂ ನೋಡುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ನೆಲಕ್ಕೆ ಹರಿದಿದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ಇದನ್ನೆಲ್ಲ ಕಂಡ ಮಗುವಿಗೆ, ಇದೇ ಓಣಿಯಲ್ಲಿ ಅಪ್ಪ ಕೊಡ ಹಿಡಿದು ಪಾಳಿ ಹಚ್ಚಿದ್ದನೆಂದು ಹೇಗೆ ತಿಳಿಯಬೇಕು? 1972ರ ಬರದಲ್ಲಿ ಮುತ್ಯಾ ಕಲ್ಲು ಒಡೆಯುವ ಕಾಮಗಾರಿಗೆ ಹೋಗಿದ್ದರೆ, ಅದನ್ನು ಯಾವ ಫೋಟೊ ಹೇಳೀತು? ಬಡತನದ ಮಾತು ಮಕ್ಕಳ ಮುಂದೆ ಬೇಡವೆಂದು ಮುಚ್ಚಿಡುವ ತಂದೆತಾಯಿಗಳಿದ್ದಾರೆ. ಮುಚ್ಚಿಟ್ಟರೆ, ಅಪ್ಪ ಓದಿದ್ದು ಏಕೆ, ಊರು ಬಿಟ್ಟದ್ದು ಏಕೆ ಎಂಬುದೇ ಮಗುವಿಗೆ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಊರಿಗೆ ಒಂದು ಮಧ್ಯಾಹ್ನವಲ್ಲ, ಕಡೆಗೆ ಎರಡು ರಾತ್ರಿಯಾದರೂ ಮೀಸಲಿಡಿ. ಹೊರಡುವ ಮುನ್ನವೇ ಮುತ್ಯಾ, ಆಯಿ, ಕಾಕಾ ಎಂದು ಕರೆಯುವುದನ್ನೂ, ಕನ್ನಡದ ನಾಲ್ಕು ಪ್ರಶ್ನೆಗಳನ್ನೂ ಕಲಿಸಿ. "ಆಯಿ, ಬಾವಿ ಬತ್ತಿದಾಗ ನೀವು ಏನ್ ಮಾಡಿದ್ರಿ?" ಎಂದು ಮೊಮ್ಮಗಳೇ ಕೇಳಿದರೆ ಆಯಿ ಹೇಳುವ ರೀತಿಯೇ ಬೇರೆ. ಸಂಕ್ರಮಣದವರೆಗೆ ರಜೆ ದೊರೆತರೆ ಸಿದ್ಧೇಶ್ವರ ಜಾತ್ರೆಯನ್ನೂ ನೋಡಬಹುದು, ಹೊಲದಲ್ಲಿ ಕೂತು ಸೀತನಿಯನ್ನೂ ತಿನ್ನಬಹುದು.

ಇಲ್ಲಿಯೇ ಓದುತ್ತಿರುವ ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ. ಬರುವ ತಮ್ಮ ತಂಗಿಯರಿಗೆ ಮನೆ ತೋರಿಸುವವರು ನೀವೇ. ಟೇಪು ಹಿಡಿದು ಗೋಡೆ ಅಳೆಯಿರಿ, ಮನೆಯ ನಕ್ಷೆ ಬರೆಯಿರಿ, ಯಾವ ಮೂಲೆಯಲ್ಲಿ ಏನಿತ್ತೆಂದು ಹಿರಿಯರನ್ನು ಕೇಳಿ ಗುರುತು ಹಾಕಿರಿ. ಪಾಲಾಗುವ, ಮಾರಾಟವಾಗುವ, ಮಳೆಗೆ ಕುಸಿಯುವ ಮನೆಗಳು ಪ್ರತಿ ವರ್ಷವೂ ಇವೆ. ಹೇಳುವವರಿಗೂ ವಯಸ್ಸಾಗುತ್ತಿದೆ. ಟಿಕೆಟ್ ದರ ಇಳಿಯಲಿ, ಮಗು ಇನ್ನಷ್ಟು ದೊಡ್ಡದಾಗಲಿ ಎಂದು ಪ್ರಯಾಣ ಮುಂದೂಡುವ ಪಾಲಕರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು.